ಸಿದ್ದಾಪುರದ ಮೇನ್ ಮಷೀನ್

ಕಾಫಿ ಹಣ್ಣಿನ ಸಿಪ್ಪೆ ಕೊಳೆತ ನೀರು ಮೂಗಿನೊಳಗೆ ಹೋದರೆ ಹೇಗಿರುತ್ತೆ ಗೊತ್ತಾ ನಿಮಗೆ?

ಹುಳಿ. ಉರಿ. ಆಮೇಲೆ ಕತ್ತಲೆ.

ನೆಲ್ಯಹುದಿಕೇರಿ ಎಸ್ಟೇಟಿನಲ್ಲಿ ಹಣ್ಣು ಸುಲಿಯುವ ಪಲ್ಪರ್ ಮನೆ ಹಿಂದಿನ ಗುಂಡಿ. ಹಾಡುಹಗಲು. ನಾನು ಅಂಚಿನ ಮೇಲೆ ಬೋರಲು ಬಿದ್ದಿದ್ದೆ. ಬೆನ್ನ ಮೇಲೊಂದು ಮೊಣಕಾಲು, ಕೂದಲಲ್ಲೊಂದು ಮುಷ್ಟಿ. ಮುಳುಗಿಸುತ್ತಾನೆ... ಎತ್ತುತ್ತಾನೆ... ಮತ್ತೆ ಮುಳುಗಿಸುತ್ತಾನೆ.

"ಆಫೀಸಲ್ಲಿ ಆ ಮಷೀನ್ ಯಾಕೆ ಮುಟ್ಟಿದೆ?"

"ಜೆರಾಕ್ಸ್ ಬೇಕಿತ್ತು."

ಮತ್ತೆ ಒಳಗೆ. ಈ ಸಲ ಸ್ವಲ್ಪ ಹೆಚ್ಚು ಹೊತ್ತು.

ಜವರಯ್ಯ ಅಂತ ಅವನ ಹೆಸರು. ಬೆಳ್ಳಿಹೊಳೆ ಎಸ್ಟೇಟ್ಸ್‌ನ ಯಜಮಾನರು ಅಣ್ಣ ತಮ್ಮ ಇಬ್ಬರು; ಅವರಲ್ಲಿ ತಮ್ಮ ಕೀರ್ತಿಕುಮಾರ್ ಸಾಕಿಕೊಂಡಿದ್ದ ಆಳು. ಹಿಂದಿನಿಂದ ಬಂದು ತಲೆಗೆ ಬಾರಿಸಿ ಇಲ್ಲಿಗೆ ಎಳೆದು ತಂದಿದ್ದ.

"ಹೇಳ್ತೀಯೋ ಇಲ್ವೋ?"

"ಹೇಳ್ತೀನಿ..." ಅಂದೆ. ಬೇಕೆಂದೇ ಸಣ್ಣ ದನಿಯಲ್ಲಿ.

ಕೇಳಿಸಲಿಲ್ಲ ಅಂತ ಬಗ್ಗಿದ. ಕಿವಿ ನನ್ನ ಬಾಯಿಯ ಹತ್ತಿರಕ್ಕೆ ಬಂತು.

ಕಚ್ಚಿದೆ.

ಅವನು ಕಿರುಚಿ ಎದ್ದ. ಮೊಣಕಾಲು ಸಡಿಲವಾಯಿತು. ಅಂಚೆಲ್ಲ ಲೋಳೆ. ಗಮ್‌ಬೂಟ್ ಹಿಡಿದು ಒಂದೇ ಎಳೆತ. ಗುಂಡಿಯೊಳಗೆ ದೊಪ್ಪೆಂದು ಬಿದ್ದ. ಮೇಲೆ ಬರಲು ಅಂಚು ಹಿಡಿದಾಗ ನಾನು ಅವನ ಭುಜದ ಮೇಲೆ ಕಾಲಿಟ್ಟು ನಿಂತಿದ್ದೆ.

"ಯಾರು ಹೇಳಿದ್ದು?"

"ಕೀರ್ತಿ ಸಾರ್..."

"ಏನಂತ?"

"ಮಷೀನ್ ವಿಷಯ ಕೇಳ್ಕೊಂಡು ಯಾರಾದರೂ ಬಂದರೆ... ಬಿಡಬೇಡ ಅಂತ."

ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆದರೂ ಇನ್ನೊಂದು ಸಲ ಮುಳುಗಿಸಿದೆ.

ನಾನು ಶಾಂಭವಿ. ಶನಿವಾರಸಂತೆ ಕಡೆಯವಳು. ಪೊಲೀಸ್ ಇಲಾಖೆಯಲ್ಲಿದ್ದೆ, ಬಿಟ್ಟೆ. ಈಗ ವಿರಾಜಪೇಟೆಯಲ್ಲಿ ಒಂದು ರೂಮು, ಬಾಗಿಲಿಗೆ ಬೋರ್ಡಿಲ್ಲ. ಎಸ್ಟೇಟಿನವರಿಗೆ ಪೊಲೀಸರ ಹತ್ತಿರ ಹೋಗಲಾಗದ ಕೆಲಸ ಬಂದಾಗ ನನ್ನ ಹತ್ತಿರ ಬರುತ್ತಾರೆ.

ಅವತ್ತು ಬೆಳಿಗ್ಗೆ ಅಣ್ಣ ಯಜಮಾನ ನವೀನ್‌ಕುಮಾರ್ ಪಾಲಿಬೆಟ್ಟಕ್ಕೆ ಕರೆಸಿದ್ದ. ಬಂಗಲೆಗೆ ಅಂಟಿಕೊಂಡೇ ಹೆಡ್ ಆಫೀಸು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ವಿಭೂತಿ, ಮೆತ್ತಗಿನ ಮಾತು.

"ಶಾಂಭವಿಯವರೇ, ನಮ್ಮ ಲಾರಿ ಎರಡು ಸಲ ಸಿಕ್ಕಿಬಿತ್ತು."

"ಲಾರಿಯಲ್ಲಿ ಏನಿತ್ತು ಸಾರ್?"

"ಕಾಫಿ ಹೊಟ್ಟು."

"ಹೊಟ್ಟಿನ ಕೆಳಗೆ?"

ನಕ್ಕ. "ಬೀಟೆ."

ಬೀಟೆ ಮರದ ದಿಮ್ಮಿ. ಕೇರಳಕ್ಕೆ. ಲಾರಿ ಹೊರಡುವ ಮುಂಚೆಯೇ ಅದರ ನಂಬರು, ದಾರಿ ಎಲ್ಲ ಸ್ಕ್ಯಾನ್ ಆಗಿ ಫಾರೆಸ್ಟ್ ಸ್ಕ್ವಾಡಿಗೆ ಮೇಲ್ ಹೋಗಿತ್ತು. ಅಲ್ಲಿದ್ದ ಅವನ ಕಡೆಯವನೊಬ್ಬ ಆ ಮೇಲ್ ತೋರಿಸಿದ್ದ. ಕಳಿಸಿದ ಮಷೀನು ನೆಲ್ಯಹುದಿಕೇರಿಯದು. ಕಳಿಸಿದವರ ಹೆಸರು ರಶ್ಮಿತಾ.

"ಯಾರು ರಶ್ಮಿತಾ?"

"ಇಲ್ಲೇ ಕ್ಲರ್ಕು. ಕೂಲಿ ಲೈನಿನ ಮಾರಿ ಅನ್ನೋಳ ಮಗಳು. ಓದಿದ್ದಾಳೆ ಅಂತ ನಮ್ಮಮ್ಮ ಆಫೀಸಿಗೆ ಸೇರಿಸಿದ್ದು. ಯಾರು ಹೇಳಿ ಮಾಡಿಸಿದ್ದು ಅಂತ ಬಾಯಿ ಬಿಡ್ತಿಲ್ಲ. ನೀವು ಬಿಡಿಸಿ."

"ನೀವು ಕೇಳಿದ್ರಾ?"

"ಕೇಳಿದೆ. ಜೀಪಿನ ಬಾಗಿಲಲ್ಲಿ ಕೈ ಇಡಿಸಿ ಕೇಳಿದೆ. ಬಾಗಿಲು ನಾನೇ ಹಾಕಿದ್ದು."

ಕಾಫಿಗೆ ಸಕ್ಕರೆ ಎಷ್ಟು ಅಂತ ಹೇಳಿದ ಹಾಗೆ ಹೇಳಿದ.

ಹುಡುಗಿಯನ್ನು ಸ್ಟೋರ್ ರೂಮಿನಲ್ಲಿ ಕೂಡಿಹಾಕಿದ್ದರು. ಗೋಣಿಚೀಲದ ಮೇಲೆ ಕೂತಿದ್ದಳು. ಇಪ್ಪತ್ತು ದಾಟಿದವಳು. ಬಲಗೈಗೆ ಟವೆಲ್ ಸುತ್ತಿದ್ದರು. ಟವೆಲಿನ ಬಣ್ಣ ಯಾವುದು ಅಂತ ಹೇಳಲಾಗುತ್ತಿರಲಿಲ್ಲ. ಪಕ್ಕದ ಬಂಗಲೆಯಲ್ಲಿ ಟಿವಿ ಜೋರಾಗಿ ಕೂಗುತ್ತಿತ್ತು. ಹುಡುಗಿ ಅಳುವುದು ಕೇಳಿಸಬಾರದು ಅಂತ ಯಜಮಾನರ ತಾಯಿ ಶಕುಂತಲಮ್ಮ ವಾಲ್ಯೂಮ್ ಏರಿಸಿಟ್ಟಿದ್ದರು.

"ನೆಲ್ಯಹುದಿಕೇರಿ ಆಫೀಸಿಗೆ ಯಾವಾಗ ಹೋಗಿದ್ದೆ?"

"ಯಾವತ್ತೂ ಹೋಗಿಲ್ಲ ಮೇಡಂ."

"ಅಲ್ಲಿನ ಮಷೀನಿನಲ್ಲಿ ನಿನ್ನ ಕೋಡ್ ಒತ್ತಿ ಕಳಿಸಿದ್ದಾರೆ."

"ನನ್ನ ಕೋಡ್ ನಾನು ಯಾರಿಗೂ ಕೊಟ್ಟಿಲ್ಲ." ಟವೆಲ್ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಒಂದಿನ ಇಲ್ಲಿನ ಮಷೀನ್ ಹಳೇ ಕೋಡ್ ತಗೊಳ್ಳಲಿಲ್ಲ. ಕೀರ್ತಿ ಸಾರ್ ಸಿದ್ದಾಪುರದಿಂದ ಫೋನ್ ಮಾಡಿ ಹೊಸದು ಹೇಳಿದ್ರು."

"ಇದನ್ನ ನವೀನ್ ಸಾರಿಗೆ ಹೇಳಿದ್ಯಾ?"

"ಹೇಳೋಕೆ ಹೋದೆ. ಅಷ್ಟರಲ್ಲಿ ಬಾಗಿಲು ಹಾಕಿದ್ರು."

ಹೊರಗೆ ಬಂದು ಸೋಮನಿಗೆ ಫೋನ್ ಮಾಡಿದೆ. ಕುಶಾಲನಗರದಲ್ಲಿದ್ದಾನೆ. ಇಂಥ ಮಷೀನ್ ರಿಪೇರಿಯೇ ಅವನ ಕಸುಬು.

"ಪ್ರಿಂಟು, ಸ್ಕ್ಯಾನು, ಜೆರಾಕ್ಸು ಎಲ್ಲ ಒಂದರಲ್ಲೇ ಇರುವ ದೊಡ್ಡ ಮಷೀನು ಅಲ್ವಾ ಮೇಡಂ? ಅವರಿಗೆ ಮೂರು ಆಫೀಸಿಗೆ ಮೂರಿವೆ. ಮೂರೂ ನೆಟ್‌ವರ್ಕಲ್ಲಿ ಸೇರಿವೆ. ಸಿದ್ದಾಪುರದ್ದು ಮೇನ್. ಅಲ್ಲಿ ಒಬ್ಬರ ಸೆಟ್ಟಿಂಗ್ ಬದಲಾಯಿಸಿ ಶೇರ್ ಒತ್ತಿದರೆ ಮಿಕ್ಕ ಎರಡೂ ಅದನ್ನೇ ತಗೋತವೆ. ಹೊಸ ಸಾಫ್ಟ್‌ವೇರೂ ಅಷ್ಟೆ, ಮೇನ್‌ಗೆ ಹಾಕಿದರೆ ಸಾಕು."

"ಅಂದ್ರೆ ಒಬ್ಬಳ ಕೋಡ್ ಎಲ್ಲಿ ಒತ್ತಿದರೂ..."

"ಅವಳೇ ನಿಂತಿದ್ದಾಳೆ ಅಂತ ಮಷೀನ್ ತಿಳ್ಕೊಳುತ್ತೆ. ಅವಳ ಬಟನ್ನು, ಅವಳ ಅಡ್ರೆಸ್ಸು, ಎಲ್ಲ ಬರುತ್ತೆ."

"ಸಿದ್ದಾಪುರದಲ್ಲಿ ಅದನ್ನೆಲ್ಲ ಬದಲಾಯಿಸೋ ಅಡ್ಮಿನ್ ಯಾರು?"

"ಕೀರ್ತಿ ಸಾರ್. ಅಡ್ಮಿನ್ ನಂಬರ್ ಮಾತ್ರ ಮಷೀನ್ ಕಂಪನಿಯವರು ಕೊಟ್ಟದ್ದೇ ಇರಬೇಕು. ಯಾರೂ ಬದಲಾಯಿಸಲ್ಲ ಮೇಡಂ, ಸೋಮಾರಿಗಳು."

ನೆಲ್ಯಹುದಿಕೇರಿಗೆ ಹೋದೆ. ಅಲ್ಲಿನ ಮಷೀನಿನಲ್ಲಿ, ರಶ್ಮಿತಾಳಿಂದ ಕೇಳಿಕೊಂಡು ಬಂದಿದ್ದ ಕೋಡ್ ಒತ್ತಿದೆ. ಯಾವತ್ತೂ ಆ ಹೊಸ್ತಿಲು ತುಳಿಯದವಳ ಹೆಸರು ಸ್ಕ್ರೀನಿನ ಮೇಲೆ ಬಂತು. ಅವಳದ್ದೇ ಬಟನ್‌ಗಳು ಸಾಲಾಗಿ ಬಂದವು.

ಅಷ್ಟರಲ್ಲಿ ತಲೆಗೆ ಏಟು ಬಿತ್ತು. ಆಮೇಲಿನದ್ದು ನಿಮಗೆ ಗೊತ್ತು.

ಗುಂಡಿಯಿಂದ ಎದ್ದವಳು ಜೀಪು ಹತ್ತಿದೆ. ಗೇಟು ದಾಟುವಷ್ಟರಲ್ಲಿ ಹಿಂದೆ ಒಂದು ಪಿಕಪ್. ಕಿವಿ ಹಿಡಿದುಕೊಂಡೇ ಓಡಿಸುತ್ತಿದ್ದ ಜವರಯ್ಯ. ಹಟಮಾರಿ.

ಕಾವೇರಿ ಸೇತುವೆ ಮೇಲೆ ಹಿಂದಿನಿಂದ ಗುದ್ದಿದ. ನನ್ನ ಜೀಪು ಕಟ್ಟೆಗೆ ಉಜ್ಜಿಕೊಂಡು ಹೋಯಿತು. ಮತ್ತೆ ಗುದ್ದಿದ. ಕೆಳಗೆ ನೀರು. ಎದುರಿಗೆ ಸಿದ್ದಾಪುರದಿಂದ ಬರುತ್ತಿದ್ದ ಪ್ರೈವೇಟ್ ಬಸ್ಸು, ಹಾರ್ನ್ ಮೇಲೆ ಹಾರ್ನ್.

ನಾನು ಬಸ್ಸಿನ ಪಕ್ಕ ನುಸುಳಿ ಹೋದೆ. ಜಾಗ ಇತ್ತು ಅಂತಲ್ಲ. ಕನ್ನಡಿ ಮುರಿಯಿತು, ಅಷ್ಟೆ.

ಅವನಿಗೆ ಆ ಜಾಗವೂ ಸಿಗಲಿಲ್ಲ. ಎರಡೂ ಕಾಲು ಮುರಿದವಂತೆ. ನಾನು ತಿರುಗಿ ನೋಡಲಿಲ್ಲ.

ಪಾಲಿಬೆಟ್ಟ. ನವೀನನ ಮುಂದೆ ನಿಂತೆ. ಮೈಯಿಂದ ಗುಂಡಿಯ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲ ಹೇಳಿದೆ... ಕೋಡು, ಮೇನ್ ಮಷೀನು, ಜವರಯ್ಯ, ಎಲ್ಲ.

ಅವನು ಫೋನ್ ತೆಗೆದ. "ಕೀರ್ತಿ, ಮನೆಗೆ ಬಾ."

ಕೀರ್ತಿಕುಮಾರ್ ಬಂದ. ಅಣ್ಣನದೇ ಮುಖ, ವಿಭೂತಿ ಮಾತ್ರ ಇಲ್ಲ. ಹುಡುಗಿಯನ್ನು ಸ್ಟೋರಿನಿಂದ ಕರೆಸಿ ಮೆಟ್ಟಿಲ ಮೇಲೆ ಕೂರಿಸಿದ್ದರು. ಅವಳು ಕೇಳಿಸಿಕೊಳ್ಳುತ್ತಾಳೆ ಅನ್ನುವ ಸಂಕೋಚ ಯಾರಿಗೂ ಇರಲಿಲ್ಲ.

"ನೀನೇನಾ?"

"ಹೂಂ. ನೀನು ಒಳಗೆ ಹೋದರೆ ತೋಟ ನನ್ನ ಕೈಗೆ ಬರುತ್ತೆ ಅಂದ್ಕೊಂಡೆ. ನನ್ನ ಪಾಲು ಕೇಳಿ ಕೇಳಿ ಸಾಕಾಗಿತ್ತು ಅಣ್ಣ."

"ಸಿದ್ದಾಪುರದ್ದು, ಹೊಳೆ ಕಡೆ ತೋಟ, ಎರಡೂ ಇಟ್ಕೊ. ಆಯ್ತಾ?"

"ಆಯ್ತು."

ಅಷ್ಟೆ. ಮುಗಿಯಿತು. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ.

"ಈ ಹುಡುಗಿ?" ಕೇಳಿದೆ.

ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಶಕುಂತಲಮ್ಮನಿಂದ. "ಅವಳೇ ಮಾಡಿದ್ದು ಅಂತಲೇ ಇರಲಿ. ನಮ್ಮ ಹುಡುಗನ ಹೆಸರು ಹೊರಗೆ ಬರೋದು ಬೇಡ. ಕಳ್ಳತನದ ಕಂಪ್ಲೇಂಟ್ ಕೊಟ್ಟರೆ ಲೈನ್ ಖಾಲಿ ಮಾಡ್ತಾರೆ, ತಾಯಿ ಮಗಳು ಇಬ್ಬರೂ."

"ಕೈ ಹೋಗಿದೆ ಅಮ್ಮಾವ್ರೇ. ಆಸ್ಪತ್ರೆಗಾದರೂ..."

"ನೀವು ಕರ್ಕೊಂಡು ಹೋಗಿ. ನಿಮಗೆ ಅಷ್ಟು ಕರುಣೆ ಇದ್ದರೆ." ಆಮೇಲೆ ಮಕ್ಕಳ ಕಡೆ ತಿರುಗಿದರು. "ಇಬ್ಬರೂ ಕೈ ತೊಳ್ಕೊಂಡು ಬನ್ನಿ. ಊಟಕ್ಕೆ ಹಾಕ್ತೀನಿ."

ನಾನು ಕರುಣೆಯವಳಲ್ಲ. ಆದರೆ ಆ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಮಡಚುವುದಿಲ್ಲ ಅಂದರು. ಮಾರಿ, ಮಗಳ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು, ಲೈನಿನಿಂದ ಹೊರಗೆ ಹಾಕಿದ್ದ ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟಿಕೊಂಡು.

"ನಿನಗೇನು ಬೇಕು?" ರಶ್ಮಿತಾಳನ್ನು ಕೇಳಿದೆ.

ಬ್ಯಾಂಡೇಜ್ ಸುತ್ತಿದ ಕೈ ಎತ್ತಿ ನೋಡಿಕೊಂಡಳು. "ಆ ಮಷೀನ್ ನಮ್ಮ ಮಾತು ಕೇಳುತ್ತಾ ಅಕ್ಕ?"

ಸಿದ್ದಾಪುರ ಸಂತೆ ದಿನ ಹೋದೆವು. ರಸ್ತೆ ತುಂಬ ಜನ, ಆಫೀಸು ಖಾಲಿ. ವಾಚ್‌ಮನ್ ಗುರುವಪ್ಪ ಹುಡುಗಿಯ ಬ್ಯಾಂಡೇಜ್ ನೋಡಿದ.

"ನನ್ನ ಸಾಮಾನು ಸ್ವಲ್ಪ ಇದೆ ಗುರುವಪ್ಪಣ್ಣ."

ಅವಳ ಸಾಮಾನು ಈ ಆಫೀಸಿನಲ್ಲಿ ಯಾಕಿರುತ್ತೆ ಅಂತ ಅವನು ಕೇಳಲಿಲ್ಲ. ಬೀಗ ತೆಗೆದು, ಬೆನ್ನು ತಿರುಗಿಸಿ ನಿಂತ.

ಸೋಮ ಹೇಳಿದ್ದು ಸರಿ. ಕಂಪನಿ ಕೊಟ್ಟ ನಂಬರಿಗೇ ಅಡ್ಮಿನ್ ತೆರೆದುಕೊಂಡಿತು. ನಾನು ನವೀನ್‌ಕುಮಾರ್ ಅನ್ನುವ ಹೆಸರು ಹುಡುಕಿದೆ. ರಶ್ಮಿತಾ ಪಕ್ಕದಲ್ಲಿ ನಿಂತು ದಾರಿ ತೋರಿಸಿದಳು. ಅವನು ಏನೇ ಸ್ಕ್ಯಾನ್ ಮಾಡಲಿ, ಯಾರಿಗೇ ಕಳಿಸಲಿ, ಒಂದು ಕಾಪಿ ಫಾರೆಸ್ಟ್ ಸ್ಕ್ವಾಡಿಗೆ ಹೋಗುವ ಹಾಗೆ ಮಾಡಿದೆ. ಆಮೇಲೆ ಯಾರಾದರೂ ಬದಲಾಯಿಸಿದ್ದು ಎಲ್ಲಿ ಅಂತ ನೋಡಿದರೆ ಸಿದ್ದಾಪುರ. ಯಾರು ಅಂತ ನೋಡಿದರೆ ಅಡ್ಮಿನ್.

ಶೇರ್ ಬಟನ್ ಹತ್ತಿರ ನನ್ನ ಬೆರಳು ಹೋಯಿತು.

"ನಾನು ಒತ್ತುತ್ತೀನಿ," ಅಂದಳು.

"ಇದರಿಂದ ಒಬ್ಬರು ಸಾಯಬಹುದು."

"ಯಾರು?"

"ಗೊತ್ತಿಲ್ಲ."

ಯೋಚಿಸಿದಳು. ನಿಜವಾಗಿ ಯೋಚಿಸಿದಳು, ತರಕಾರಿ ಆರಿಸುವವರ ಹಾಗೆ.

"ಯಾರಾದರೂ ಆಗಲಿ."

ಎಡಗೈಯಲ್ಲಿ ಒತ್ತಿದಳು. ಸ್ಕ್ರೀನಿನ ಮೇಲೆ ಹಸಿರು ಪಟ್ಟಿ ಉದ್ದವಾಯಿತು, ತುಂಬಿತು. ಪಾಲಿಬೆಟ್ಟ, ಆಯಿತು. ನೆಲ್ಯಹುದಿಕೇರಿ, ಆಯಿತು.

ಸಂಜೆ ತಾಯಿ ಮಗಳನ್ನು ಹುಣಸೂರಿನ ನೆಂಟರ ಮನೆಗೆ ಬಸ್ಸು ಹತ್ತಿಸಿದೆ.

ಆಮೇಲೆ ಕಾದೆ. ಜಾಸ್ತಿ ಕಾಯಬೇಕಾಗಲಿಲ್ಲ.

ಹುಡುಗಿ ಹೋದ ಮೇಲೆ ನವೀನ ಲಾರಿ ಕೆಲಸ ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಮಷೀನ್ ಮುಂದೆ ನಿಂತ. ತನ್ನದೇ ಕೋಡ್ ಒತ್ತಿದ. ಲಾರಿ ನಂಬರು, ದಾರಿ, ಕೇರಳದವನಿಗೆ ಕಳಿಸಿದ.

ಫಾರೆಸ್ಟ್ ಚೆಕ್‌ಪೋಸ್ಟ್ ಗೇಟಿನಲ್ಲಿ ಹೊಟ್ಟು ಕೆದರಿ ದಿಮ್ಮಿ ತೆಗೆದರು. ಡ್ರೈವರ್ ಯಜಮಾನನ ಹೆಸರು ಹೇಳಿಬಿಟ್ಟ.

ಮಾರನೇ ಬೆಳಿಗ್ಗೆ ನನಗೆ ಫೋನ್ ಬಂತು. ಅದೇ ಮೆತ್ತಗಿನ ದನಿ, ಆದರೆ ಉಸಿರು ಸರಿಯಿಲ್ಲ.

"ಶಾಂಭವಿಯವರೇ, ಮೇಲ್ ನನ್ನ ಹೆಸರಲ್ಲೇ ಹೋಗಿದೆ. ಸೋಮ ಬಂದು ನೋಡಿದ. ಸೆಟ್ಟಿಂಗ್ ಬದಲಾಗಿರೋದು ಸಿದ್ದಾಪುರದಲ್ಲಂತೆ. ಅಡ್ಮಿನ್ ಅಂತಿದೆ."

"ಹೌದಾ ಸಾರ್."

"ಸಿದ್ದಾಪುರದ ಅಡ್ಮಿನ್ ಕೀರ್ತಿ ಒಬ್ಬನೇ ಅಲ್ವಾ?"

"ನನಗೆ ಗೊತ್ತಿರುವ ಹಾಗೆ ಕೀರ್ತಿ ಸಾರೇ."

ಫೋನ್ ಇಟ್ಟ.

ನಾನು ಸಿದ್ದಾಪುರಕ್ಕೆ ಹೋಗಿ ಆಫೀಸಿನ ಎದುರಿನ ಬೇಕರಿಯಲ್ಲಿ ಕೂತೆ. ಟೀ ಹೇಳಿದೆ. ಟೀ ಬರುವ ಮುಂಚೆ ಜೀಪು ಬಂತು. ನವೀನ ಇಳಿದ. ಹಂದಿ ಓಡಿಸುವ ಕೋವಿ ಕೈಯಲ್ಲಿ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ ದಾಟಿದ.

ಕೂಗಬಹುದಿತ್ತು. ಅಷ್ಟು ದೂರ ಏನಿರಲಿಲ್ಲ.

ಟೀಗೆ ಸಕ್ಕರೆ ಕಮ್ಮಿ ಇತ್ತು. ಹಾಕಿಸಿಕೊಂಡೆ.

ಒಳಗೆ ನಡೆದದ್ದನ್ನು ಗುರುವಪ್ಪ ಆಮೇಲೆ ಹೇಳಿದ. ಕೀರ್ತಿ ಮಷೀನಿಗೆ ಬೆನ್ನು ಕೊಟ್ಟು ನಿಂತಿದ್ದನಂತೆ. ನಾನಲ್ಲ ಅಣ್ಣ, ದೇವರಾಣೆ ನಾನಲ್ಲ, ಅಮ್ಮನ ಮೇಲಾಣೆ ನಾನಲ್ಲ ಅಂದನಂತೆ. ಅಳುತ್ತಿದ್ದನಂತೆ. ನವೀನ ಪೂರ್ತಿ ಕೇಳಿಸಿಕೊಂಡನಂತೆ, ಆಮೇಲೆ ಎರಡೂ ನಳಿಗೆ ಖಾಲಿ ಮಾಡಿದನಂತೆ.

ಕೋವಿ ಮೇಜಿನ ಮೇಲಿಟ್ಟು ಪೊಲೀಸರಿಗೆ ತಾನೇ ಫೋನ್ ಮಾಡಿದ. ಈಗ ಜೈಲಿನಲ್ಲಿದ್ದಾನೆ. ಜಾಮೀನು ಸಿಕ್ಕಿಲ್ಲ.

ಕೀರ್ತಿಯ ಕಾರ್ಯ ಮುಗಿದ ಮೇಲೆ ಶಕುಂತಲಮ್ಮ ವಿರಾಜಪೇಟೆಗೆ ಬಂದರು. ನನ್ನ ರೂಮಿನ ಮೆಟ್ಟಿಲು ಕಡಿದು. ಹತ್ತಿ ಬಂದು ಉಸಿರಿಗೆ ಒದ್ದಾಡಿದರು. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಒಂದು ಮಾತು ಕೇಳೋಕೆ ಬಂದೆ ಕಣಮ್ಮ."

"ಕೇಳಿ."

"ಸಾಯೋ ಮುಂಚೆ ಕೀರ್ತಿ ನಾನಲ್ಲ ಅಂದನಂತೆ. ಅವನು ಚಿಕ್ಕಂದಿನಿಂದ ಸುಳ್ಳುಗಾರ. ಆವತ್ತೂ ಸುಳ್ಳೇ ಹೇಳಿದ, ಅಲ್ವಾ?"

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಸರಿಸಿದೆ.

"ಹೂಂ ಅನ್ನು ಸಾಕು. ಅವನು ಸುಳ್ಳು ಹೇಳಿದ್ದರೆ ನಾನು ನವೀನನ್ನ ನೋಡೋಕೆ ಹೋಗಬಹುದು. ಮೋಸ ಮಾಡಿದ ತಮ್ಮನ್ನ ಹೊಡೆದ ಅಂತ ಸಮಾಧಾನ ಮಾಡ್ಕೊಂಡು... ಉಳಿದಿರೋನು ಅವನೊಬ್ಬನೇ. ಕೀರ್ತಿ ಹೇಳಿದ್ದೇ ನಿಜ ಆಗಿಬಿಟ್ಟರೆ ನವೀನನ ಮುಖ ಹೇಗೆ ನೋಡಲಿ?"

ಕೈ ಮುಗಿದರು. ಬಳೆಯಿಲ್ಲದ ಕೈ. ಒಂದು 'ಹೂಂ'. ಖರ್ಚಿಲ್ಲದ ಕೆಲಸ. ಅಂದಿದ್ದರೆ ಆ ಮುದುಕಿ ರಾತ್ರಿ ನಿದ್ದೆ ಮಾಡುತ್ತಿದ್ದರು.

"ಕೀರ್ತಿ ನಿಜಾನೇ ಹೇಳಿದ್ದ ಅಮ್ಮಾವ್ರೇ," ಅಂದೆ. "ಅವನಲ್ಲ."

ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಕೆಳಗೆ ಮುಟ್ಟುವ ತನಕ ಕಾಲಿನ ಸದ್ದು ಕೇಳುತ್ತಿತ್ತು.

ಈ ಕಸುಬಿಗೆ ಬಂದ ಮೇಲೆ ನಾನು ಕಲಬೆರಕೆಯಿಲ್ಲದ ಸತ್ಯ ಹೇಳಿದ್ದು ಅದೊಂದೇ ಸಲ. ಅದೂ ಬಿಟ್ಟಿ.