ಎತ್ತು ಬಿಚ್ಚಿದ ಗಾಡಿ

“ಆ ಅಮರಪ್ಪ ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ, ನಾಗವೇಣಿ,” ಎಂದ ಭೀಮೇಶ.

ಮಸ್ಕಿಯ ಸಭೆಯಲ್ಲಿ ಮಾತು ಮುಗಿಸಿ ವೇದಿಕೆ ಇಳಿಯುತ್ತಿದ್ದವಳ ಕಾಲು ಅಲ್ಲೇ ನಿಂತಿತು. ೧೯೪೮ರ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಗಾಯಾಳುಗಳನ್ನು ಎತ್ತಿನ ಗಾಡಿಯಲ್ಲಿ ಲಿಂಗಸುಗೂರಿನ ದವಾಖಾನೆಗೆ ಸಾಗಿಸಿದ ಹಳ್ಳಿ ಹುಡುಗರ ಆಂಬುಲೆನ್ಸ್ ತಂಡದ ಚರಿತ್ರೆ ಅವಳ ಸಂಶೋಧನೆ. ಅಮರಪ್ಪನೊಬ್ಬ ಮಾತ್ರ ನಡುದಾರಿಯಲ್ಲಿ ಎತ್ತು ಬಿಚ್ಚಿ ಓಡಿಹೋದ ಎಂದೂ ಈಗಷ್ಟೇ ಹೇಳಿದ್ದಳು. ಅವನ ಎತ್ತುಗಳು, ಒಂಟಿ ಕೊಂಬಿನದೂ ಅದರ ಜೋಡಿಯೂ, ಬರಿದೇ ಮನೆಗೆ ಬಂದಿದ್ದವು. ಅವನು ಬರಲಿಲ್ಲ. ಊರು ಅಷ್ಟನ್ನೇ ನಂಬಿತ್ತು, ಅವಳೂ ನಂಬಿದಳು.

ಅವಳನ್ನು ಬೈಕಿನಲ್ಲಿ ಊರೂರು ಸುತ್ತಿಸಿದವನು, ಸುತ್ತಿಸುತ್ತಲೇ ಮನಸ್ಸು ಕದ್ದವನು ಈ ಭೀಮೇಶ. ಒಂದು ಮಾತು ಮೊದಲೇ ಹೇಳಬಾರದಿತ್ತೇ...

“ನೀನರ ಬ್ಯಾರೆ ಏನರ ಹುಡುಕ್ತಿ ಅಂತ ಆಸಿ ಇಟ್ಟಿದ್ದೆ,” ಎಂದ ಅವನು. “ಮುಂದ ಕುಂತಾನಲ್ಲ, ನಮ್ಮಪ್ಪ. ಕಿವಿ ಮಂದ. ನೀ ಏನಂದಿ ಅಂತ ತಿಳೀದ ಚಪ್ಪಾಳಿ ಹೊಡದಾನ.”

ಮುದುಕ ದುರುಗಪ್ಪ ಅವಳತ್ತ ನೋಡಿ ನಗುತ್ತಿದ್ದ. ಆ ನಗು ಅವಳ ಎದೆಗೆ ಚುಚ್ಚಿತು.

ಅಂದಿನಿಂದ ಭೀಮೇಶ ಫೋನ್ ಎತ್ತಲಿಲ್ಲ. ನಾಗವೇಣಿಗೆ ಅನ್ನ ಸೇರಲಿಲ್ಲ. ಪ್ರೀತಿಸಿದವನ ಮನೆತನವನ್ನು ಮೈಕಿನಲ್ಲಿ ಹೇಡಿಗಳದ್ದು ಎಂದವಳು ತಾನೇ! ಅಲೆದು ಅಲೆದು ಕೊನೆಗೆ ಲಿಂಗಸುಗೂರಿನ ಓಣಿಯೊಂದರಲ್ಲಿ ಸರ್ದಾರಬಿಯನ್ನು ಕಂಡಳು. ಅಂದು ಅಂಥದೊಂದು ಗಾಡಿಯಲ್ಲಿ ಗಾಯಗೊಂಡ ತಾಯಿಯ ಪಕ್ಕ ಕುಳಿತಿದ್ದ ಮಗು ಈಗಿನ ಈ ಮುದುಕಿ.

“ರಕ್ತದ ವಾಸನಿಗೆ ಎತ್ತು ಬೆದರಿ ನಿಂತುಬಿಟ್ವು, ಬೇಟಿ. ಒಂದಕ್ಕ ಒಂದ ಕೊಂಬಿತ್ತು. ಬಿಚ್ಚಿ ಊರ ಕಡಿ ಹೊಡದ, ನೊಗಕ್ಕ ತನ್ನ ಹೆಗಲು ಕೊಟ್ಟ. ದವಾಖಾನಿ ಬಾಗಿಲದಾಗ ಬಿದ್ದಾಂವ ಮತ್ತ ಏಳಲಿಲ್ಲ. ಅಮ್ಮಿ ಉಳದ್ಲು. ಅವನ ಹೆಸರು ಸುದ್ದಾ ನಮಗ ಗೊತ್ತಾಗಲಿಲ್ಲ.”

ಒಂಟಿ ಕೊಂಬಿನ ಎತ್ತು ಎಂದರೆ ಅವನು ಅಮರಪ್ಪನೇ. ಸಿಕ್ಕ ಬಸ್ ಹತ್ತಿ ನಾಗವೇಣಿ ಸಂತೆಕಲ್ಲೂರಿನ ಭೀಮೇಶನ ಮನೆಗೆ ಬಂದಳು. ಪಡಸಾಲೆಯಲ್ಲಿ ದುರುಗಪ್ಪನ ಫೋಟೋಕ್ಕೆ ಹಾರ ಹಾಕಿತ್ತು.

ತಡವಾಯಿತು... ಅಳುತ್ತಲೇ ಎಲ್ಲ ಹೇಳಿದಳು. ಭೀಮೇಶ ಅವಳನ್ನು ಹೊಲಕ್ಕೆ, ಅಪ್ಪನ ಹಸಿ ಮಣ್ಣಿನ ಗುಡ್ಡೆಯ ಹತ್ತಿರ ಕರೆದೊಯ್ದ.

“ಸಾಯೋತನ ಆ ಹುಡುಗಿ ಯಾವಾಗ ಬರ್ತಾಳ ಅಂತ ಕೇಳ್ತಿದ್ದ. ನೀ ಅಂದಿದ್ದು ನಾ ಹೇಳಿರಲಿಲ್ಲ. ಈಗ ನೀನ ಹೇಳು. ಜೋರಾಗಿ ಹೇಳು, ಕಿವಿ ಮಂದ.”

ಜೋಳದ ಹೊಲವೆಲ್ಲ ಕೇಳುವಂತೆ ಅವಳು ಕೂಗಿದಳು. “ನಿಮ್ಮಪ್ಪ ಓಡಿ ಹೋಗಿಲ್ರೀ, ಮಾವಾ... ಗಾಡಿ ಎಳಕೊಂಡು ಹೋಗ್ಯಾರ.”

ಭೀಮೇಶ ಮುಖ ಮುಚ್ಚಿಕೊಂಡು ಅತ್ತ. ಕಣ್ಣೊರೆಸಿಕೊಂಡು, “ಮಾವ ಅಂದಿ,” ಎಂದ.

“ಅಂದೆ. ಬ್ಯಾಡಾಗಿದ್ರ ಈಗ ಹೇಳು.”

ಅವನು ಅವಳ ಕೈ ಹಿಡಿದುಕೊಂಡ.

“ಮಾವ ಅಂತ ಇನ್ನೊಮ್ಮಿ ಜೋರಾಗಿ ಅನ್ನು. ಅಪ್ಪಗ ಕೇಳಲಿ.”