ಬಂಗುಡೆ ವಿಮಾನ ಹತ್ತುವ ಮೊದಲು

"ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ನಾಯಿಯನ್ನು ಕೊಟ್ಟದ್ದು ನನ್ನದೇ ತಪ್ಪು ಡಾಕ್ಟ್ರೇ. ಮೀನು ಕೊಯ್ಯುವುದು ಬಿಟ್ಟರೆ ಇವನಿಗೆ ಬೇರೆ ಎಂತ ಗೊತ್ತುಂಟು?"

ಮಣಿಪಾಲದ ಆ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡಿದ್ದ ಹುಡುಗಿ, ಬಿಳಿ ನಾಯಿಮರಿ ಹೊತ್ತ ಹೆಂಗಸು, ಎಲ್ಲರೂ ನನ್ನ ಕಡೆ ತಿರುಗಿದರು. ಹಾಗೆ ಅಂದವಳು ಶಾರ್ಲೆಟ್. ಬೇರೆ ಯಾರಾದರೂ ಅಂದಿದ್ದರೆ ಕಾಲರ್ ಹಿಡಿಯುತ್ತಿದ್ದೆ.

ಡಾಕ್ಟರು ಮಾತ್ರ ಶಾಂತವಾಗಿದ್ದರು. "ಮೊದಲು ಚಿಪ್ ಹಾಕಬೇಕಿತ್ತು. ಅಕ್ಕಿಕಾಳಿನಷ್ಟು ಇರುವುದು, ಚರ್ಮದ ಕೆಳಗೆ. ಅದು ಹಾಕಿದ ಮೇಲೆ ಕೊಟ್ಟ ರೇಬೀಸ್ ಇಂಜೆಕ್ಷನನ್ನು ಮಾತ್ರ ಐರ್ಲೆಂಡಿನವರು ಒಪ್ಪುವುದು. ಈಗ ಪುನಃ ಶುರುವಿನಿಂದ. ಒಂದು ತಿಂಗಳು ಬಿಟ್ಟು ರಕ್ತ ಪರೀಕ್ಷೆ, ಆಮೇಲೆ ಮೂರು ತಿಂಗಳು ಕಾಯಬೇಕು."

"ಇಂಜೆಕ್ಷನ್ ಹಾಕಿಸಿ ಇಡು" ಎಂದು ಡ್ಯೂಟಿಯ ಮಧ್ಯೆ ಫೋನಿನಲ್ಲಿ ಹೇಳಿದವಳು ಅವಳೇ. ಕಾಪುವಿನಲ್ಲಿ ಪುರಸಭೆಯವರ ಉಚಿತ ಕ್ಯಾಂಪ್ ಇತ್ತು. ಬಿಸಿಲಲ್ಲಿ ಸಾಲು ನಿಂತು ಹಾಕಿಸಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳಿಗೇ ಗೊತ್ತಿರಲಿಲ್ಲ. ಆದರೆ ಎಲ್ಲರೆದುರು ಹೋದ ಮರ್ಯಾದೆ ನನ್ನದು.

ಐರ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ಅವಳ ಟಿಕೆಟ್ ಮುಂದಿನ ವಾರಕ್ಕೆ ಇತ್ತು. ಅವಳು ಹೋಗಲೇಬೇಕು. ನಾಯಿ ನನ್ನ ಹತ್ತಿರ ಉಳಿಯಬೇಕು.

ನಾಯಿಯ ಹೆಸರು ಬಂಗುಡೆ. ಪರ್ಕಳದಲ್ಲಿ ಅವಳ ಬಾಡಿಗೆ ರೂಮಿನ ಗೇಟಿನೆದುರು ನಾನು ಬೆಳಿಗ್ಗೆ ಮೀನಿನ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದೆ. ನೈಟ್ ಡ್ಯೂಟಿ ಮುಗಿಸಿದ ಶಾರ್ಲೆಟ್ ನಿದ್ದೆಗಣ್ಣಿನಲ್ಲಿ ಪಾತ್ರೆ ಹಿಡಿದು ಬರುತ್ತಿದ್ದಳು.

"ಬಾಯಮ್ಮ, ಬಂಗುಡೆ ಫ್ರೆಶ್ ಉಂಟು."

"ನನಗೆ ಎಷ್ಟು ಪ್ರಾಯ ಆಯ್ತು ಅಂತ ಬಾಯಮ್ಮ ಅಂತ ಕರೆಯುವುದು ನೀನು?"

"ಮತ್ತೆ ಎಂತ ಕರೆಯಬೇಕು?"

"ನನಗೆ ಹೆಸರಿಲ್ವಾ?"

"ಹೆಸರು ಹಿಡಿದು ಕರೆದರೆ ಮೀನಿನ ರೇಟಿಗೆ ಚರ್ಚೆ ಮಾಡ್ತೀರಿ."

ಅವಳು ನಗು ಬಾರದ ಹಾಗೆ ತುಟಿ ಕಚ್ಚಿದಳು. ಆ ತುಟಿಯನ್ನು ನಾನು ನೋಡುತ್ತಾ ನಿಂತಾಗಲೇ ಒಂದು ಬಡಕಲು ಬೀದಿಮರಿ ಪೆಟ್ಟಿಗೆಯಿಂದ ಬಂಗುಡೆ ಎಳೆದುಕೊಂಡು ಓಡಿತು. ನಾವಿಬ್ಬರೂ ಹಿಂದೆ ಓಡಿದೆವು. ಹಿಡಿಯುವಾಗ ಮೀನಿನ ಬಾಲ ಮಾತ್ರ ಉಳಿದಿತ್ತು.

ರೂಮಿನ ಯಜಮಾನರು ನಾಯಿ ಬೇಡ ಎಂದರು. ಹಾಗಾಗಿ ಬಂಗುಡೆ ಹಗಲು ಅವಳ ಮೆಟ್ಟಿಲ ಮೇಲೆ, ರಾತ್ರಿ ಕಾಪುವಿನಲ್ಲಿ ನಮ್ಮ ಮನೆಯಲ್ಲಿ. ರಜೆ ಸಿಕ್ಕಿದಾಗ ಅವಳು ಬಸ್ಸು ಹಿಡಿದು ಬರುತ್ತಿದ್ದಳು. ದೀಪಸ್ತಂಭದ ಕೆಳಗೆ ಮರಳಿನಲ್ಲಿ ಮೂವರೂ ನಡೆಯುತ್ತಿದ್ದೆವು. ನಾನು ಕಡಲು ನೋಡುವಾಗ ಅವಳು ನನ್ನನ್ನು ನೋಡುತ್ತಿದ್ದಳು. ಅವಳು ಕಡಲು ನೋಡುವಾಗ ನಾನು ಅವಳನ್ನು. ಅಪ್ಪಿತಪ್ಪಿ ಕಣ್ಣು ಸೇರಿದರೆ ಇಬ್ಬರೂ ನಾಯಿಯನ್ನು ಬೈಯುತ್ತಿದ್ದೆವು.

ಆ ದಿನ ಕ್ಲಿನಿಕ್ಕಿನ ಹೊರಗೆ ಅವಳು ನನ್ನ ಹಿಂದೆಯೇ ಬಂದಳು.

"ಅಖಿಲ್, ಟೆನ್ಶನ್‌ನಲ್ಲಿ ಬಾಯಿಗೆ ಬಂತು ಮಾರಾಯ."

"ಹೊಟ್ಟೆಯಲ್ಲಿ ಇದ್ದದ್ದೇ ಬಾಯಿಗೆ ಬರುವುದು."

"ಬೈಯಿ. ಬೈದು ಮುಗಿಸು."

"ನಾಯಿಯನ್ನು ಇಲ್ಲೇ ಬಿಡು. ಅವನಿಗೆ ಐರ್ಲೆಂಡ್ ಎಂತಕ್ಕೆ?"

"ನಾನು ಬಿಟ್ಟು ಹೋಗುವವಳಲ್ಲ."

"ನಾಯಿಯನ್ನು, ಅಲ್ವಾ?"

ಅವಳು ನೆಲ ನೋಡಿದಳು. ನಾನು ಸ್ಕೂಟರಿನ ಸ್ಟ್ಯಾಂಡಿಗೆ ಒದ್ದ ರಭಸಕ್ಕೆ ಬಂಗುಡೆ ಅವಳ ಕಾಲಿನ ಹಿಂದೆ ಅಡಗಿದ.

ಅವಳು ಐರ್ಲೆಂಡಿಗೆ ಹೋದ ಮೇಲೆ ವಿಮಾನದ ಪೆಟ್ಟಿಗೆ ಮನೆಗೆ ಬಂತು. ಪ್ಲಾಸ್ಟಿಕ್ಕಿನದು, ಕಬ್ಬಿಣದ ಜಾಲರಿ ಬಾಗಿಲು. ನನ್ನ ಅಮ್ಮ ಸರಸ ಅದರ ಸುತ್ತ ಒಂದು ಸುತ್ತು ಬಂದರು.

"ಎಂತ ಇದು, ಕೋಳಿಗೂಡಾ?"

"ಬಂಗುಡೆ ವಿಮಾನದಲ್ಲಿ ಕೂತು ಹೋಗ್ಲಿಕ್ಕೆ."

"ಅವನಿಗೆ ಕೂತು ಹೋಗ್ಲಿಕ್ಕೆ ಉಂಟು. ನಾನು ಉಡುಪಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗುವುದು."

ಪೆಟ್ಟಿಗೆಗೆ ಹೆದರಿದ ನಾಯಿಯನ್ನು ವಿಮಾನಕ್ಕೆ ಹತ್ತಿಸುವುದಿಲ್ಲ, ಅಭ್ಯಾಸ ಮಾಡಿಸಿ ಎಂದಿದ್ದರು ಡಾಕ್ಟರು. ನಾನು ಬೆಳಕು ಹರಿಯುವ ಮೊದಲು ಮೀನು ತರಲು ಮಲ್ಪೆ ಬಂದರಿಗೆ ಹೋಗಬೇಕು. ಅಲ್ಲಿಂದ ಮಣಿಪಾಲ, ಪರ್ಕಳ, ಹಿರಿಯಡ್ಕ. ಮಧ್ಯಾಹ್ನ ಮನೆಗೆ ಬರುವಾಗ ಸೊಂಟ ನನ್ನದಲ್ಲ, ಕೈ ನನ್ನದಲ್ಲ. ಮತ್ತೆ ಆ ಪೆಟ್ಟಿಗೆಯ ಎದುರು ಕೂರುವುದು. ಮೊದಲು ಒಳಗೆ ಊಟ ಇಟ್ಟೆ. ಆಮೇಲೆ ಬಾಗಿಲು ಎಳೆದೆ. ಬಂಗುಡೆ ಜಾಲರಿಯನ್ನು ಉಗುರಿನಲ್ಲಿ ಗೀರಿದ, ಕೂಗಿದ. "ಇಲ್ಲೇ ಇದ್ದೇನಲ್ಲ" ಎಂದು ನಾನು ಸಮಾಧಾನ ಮಾಡಿದಷ್ಟೂ ಹೆಚ್ಚು ಗೀರಿದ. ಒಂದು ದಿನ ಅವನ ಕಾಲಿನಲ್ಲಿ ರಕ್ತ ಬಂತು.

ಸುಸ್ತಾಗಿ ಬಾಯಿ ಮುಚ್ಚಿ ಗೋಡೆಗೆ ಒರಗಿದೆ. ಅವನೂ ಸುಮ್ಮನಾದ. ನನ್ನ ಸ್ವರ ಕೇಳಿದರೆ ಹೊರಗೆ ಬರಬೇಕು ಅವನಿಗೆ. ಸ್ವರ ಇಲ್ಲದಿದ್ದರೆ ನಿಟ್ಟುಸಿರು ಬಿಟ್ಟು ಮಲಗುತ್ತಾನೆ. ಆವತ್ತಿನಿಂದ ಪೆಟ್ಟಿಗೆಯ ಹತ್ತಿರ ನಾನು ಮೂಕ.

ಅವಳು ವಿಡಿಯೋ ಕಾಲ್ ಮಾಡುತ್ತಿದ್ದಳು. "ಮಲಗಿದನಾ?" ನಾನು ಮೊಬೈಲನ್ನು ಜಾಲರಿಯ ಕಡೆ ತಿರುಗಿಸುತ್ತಿದ್ದೆ. ಶಿಫ್ಟ್ ಮುಗಿಸಿ ಬಂದವಳು ಸ್ವೆಟರ್ ಸಹ ತೆಗೆಯದೆ, ಮಾತಿನ ಅರ್ಧದಲ್ಲೇ ನಿದ್ದೆ ಹೋಗುತ್ತಿದ್ದಳು. ಕೂದಲು ಬಾಯಿಯ ಮೇಲೆ ಬಿದ್ದಿರುತ್ತಿತ್ತು. ಸರಿಸಲು ನನ್ನ ಕೈ ಅಷ್ಟು ದೂರ ಹೋಗುವುದಿಲ್ಲ. ಮೊಬೈಲಿನಲ್ಲಿ ಅವಳು, ಪೆಟ್ಟಿಗೆಯಲ್ಲಿ ನಾಯಿ. ಎಚ್ಚರ ಇರುವವನು ನಾನೊಬ್ಬ.

ಸ್ವಲ್ಪ ದಿನ ಅಭ್ಯಾಸ ತಪ್ಪಿಸಿದರೆ ಸಾಕಿತ್ತು. ಬಂಗುಡೆ ಕಿರುಚುತ್ತಿದ್ದ, ವಿಮಾನದವರು ಬೇಡ ಎನ್ನುತ್ತಿದ್ದರು, ಅವನನ್ನು ನೋಡಲಿಕ್ಕಾದರೂ ಅವಳು ವರ್ಷಕ್ಕೊಮ್ಮೆ ಕಾಪುವಿಗೆ ಬರುತ್ತಿದ್ದಳು. ಹಾಗೆ ಮಾಡಲಾಗದ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲೇ ಎದ್ದು ಅವನ ನೀರು ಬದಲಿಸುತ್ತಿದ್ದೆ.

ಜನವರಿಯಲ್ಲಿ ಅವಳ ಅಣ್ಣ ಕ್ಲಾಯ್ಡ್‌ನ ಮದುವೆ. ಅದಕ್ಕೆ ಬಂದವಳು ಹಿಂದೆ ಹೋಗುವಾಗ ನಾಯಿಯನ್ನೂ ಕರೆದುಕೊಂಡು ಹೋಗುವುದೆಂದು ಆಯಿತು. ರಕ್ತ ಪರೀಕ್ಷೆ ಪಾಸಾಗಿತ್ತು. ಅವಳು ಹೊರಡುವ ದಿನ ಪೆಟ್ಟಿಗೆಯನ್ನೂ ನಾಯಿಯನ್ನೂ ಟೆಂಪೋದಲ್ಲಿ ಹಾಕಿ, ಸ್ಕೂಟರಿನಲ್ಲಿ ಹಿಂದೆಯೇ ಕಾರ್ಕಳದ ಅವಳ ಮನೆಗೆ ಹೋದೆ. ಬೆಂಗಳೂರಿಗೆ ಹೋಗುವ ವ್ಯಾನ್ ಅಂಗಳದಲ್ಲಿ ನಿಂತಿತ್ತು. ಮದುವೆಗೆ ಬಂದ ಅವಳ ಚಿಕ್ಕಮ್ಮಂದಿರು ಜಗಲಿಯಲ್ಲಿ ಕೂತಿದ್ದರು.

ನಾನು ಪೆಟ್ಟಿಗೆಯ ಬಾಗಿಲು ತೆರೆದೆ. ಬಂಗುಡೆ ನನ್ನ ಕೈ ನೆಕ್ಕಿ ತಾನಾಗಿಯೇ ಒಳಗೆ ಹೋದ. ಚಿಲಕ ಹಾಕಿದೆ. ನಾನೂ ಡ್ರೈವರೂ ಸೇರಿ ವ್ಯಾನಿಗೆ ಎತ್ತಿಟ್ಟೆವು. ಅವನು ಒಳಗೆ ಒಂದು ಸುತ್ತು ತಿರುಗಿ, ಗಲ್ಲವನ್ನು ಕಾಲಿನ ಮೇಲಿಟ್ಟು ಕಣ್ಣು ಮುಚ್ಚಿದ.

ಶಾರ್ಲೆಟ್ ನನ್ನೆದುರು ಬಂದು ನಿಂತಳು. ಚಳಿಯ ದೇಶ ಅವಳ ಕೆನ್ನೆಯನ್ನು ಸಣ್ಣ ಮಾಡಿತ್ತು. ಕಣ್ಣಿನ ಕೆಳಗೆ ಕಪ್ಪು. ಈ ಸಲ ಅವಳು ನಾಯಿಯನ್ನು ನೋಡಲಿಲ್ಲ.

"ನಾಯಿಗೋಸ್ಕರ ಅಂತ ನಾನು ದಿನಾ ಫೋನ್ ಮಾಡಿದ್ದಲ್ಲ, ಅಖಿಲ್. ನಿನಗೆ ಗೊತ್ತುಂಟು." ಚಿಕ್ಕಮ್ಮಂದಿರು ಇತ್ತ ತಿರುಗಿದರು. ಅವಳು ಸ್ವರ ಇಳಿಸಲಿಲ್ಲ. "ಅಲ್ಲಿ ನನಗೆ ನಿದ್ದೆ ಬರುವುದು ಫೋನಿನಲ್ಲಿ ನಿನ್ನ ಮನೆಯ ಫ್ಯಾನಿನ ಸದ್ದು ಕೇಳಿದರೆ ಮಾತ್ರ. ನಿನಗೆ ನಾನು ಬೇಕಾ, ಬೇಡವಾ? ಒಂದು ಮಾತು ಹೇಳು."

ಬೇಕು ಎನ್ನಲು ಎಷ್ಟು ಉಸಿರು ಬೇಕು? ಆದರೆ ವ್ಯಾನಿನ ಬಾಗಿಲು ತೆರೆದೇ ಇತ್ತು. ನನ್ನ ಬಾಯಿಯಿಂದ ಒಂದು ಅಕ್ಷರ ಹೊರಗೆ ಬಿದ್ದರೂ ಬಂಗುಡೆ ಏಳುತ್ತಾನೆ. ಬೆಂಗಳೂರಿನವರೆಗೂ ಆ ಕಬ್ಬಿಣವನ್ನು ಗೀರುತ್ತಾನೆ.

ಬಂಗುಡೆಯ ಒಂದು ಕಿವಿ ನನ್ನ ಕಡೆ ತಿರುಗಿತು.

ನಾನು ಅವಳ ಮುಖವನ್ನು ನೋಡಿದೆ. ಇಷ್ಟು ದಿನ ಕದ್ದು ನೋಡಿದ್ದನ್ನೆಲ್ಲ ಒಟ್ಟಿಗೆ, ಕಣ್ಣು ತಪ್ಪಿಸದೆ ನೋಡಿದೆ. ಆಮೇಲೆ ತಿರುಗಿದೆ. ಸ್ಕೂಟರನ್ನು ಸ್ಟಾರ್ಟ್ ಮಾಡದೆ, ಸದ್ದಾಗದ ಹಾಗೆ ತಳ್ಳಿಕೊಂಡು ಗೇಟು ದಾಟಿದೆ.