ಅಂಗೈ ಅಗಲದ ಜಾಗ

ಎರಡು ಸಾವಿರ ವ್ಯಾಟ್ ಶಾಖ ಒಳಗೆ ಹೋಯಿತು, ಎರಡು ಸಾವಿರವೂ ನೀರಿನ ಜೊತೆ ಹೊರಬಂತು. ಕಲಬುರಗಿಯ ತಗಡಿನ ಶೆಡ್ಡಿನಲ್ಲಿ ಕೂತಿದ್ದ ನೀಲಗಂಗಾ ನಕ್ಕೇಬಿಟ್ಟಳು. ೨೦೫೮ರ ಏಪ್ರಿಲ್ ಅದು.

ಸಿಮೆಂಟ್ ಭಟ್ಟಿಯ ಮುಂದೆ ದುಡಿಯುವವರ ಉಡುಪನ್ನು ನೀರು ಹರಿಸಿ ತಂಪಾಗಿಡುವ ತಟ್ಟೆಯೊಂದನ್ನು ಪರೀಕ್ಷಿಸಲು ಅವಳು ಅಲ್ಲೇ ಕಟ್ಟಿಕೊಂಡ ಸಾಧನವದು: ಒಂದು ಹೀಟರ್, ಒಂದು ಪಂಪ್, ತಾಮ್ರದ ಕೊಳವೆಗಳು. ಮೂರು ವರ್ಷ ಕೊಳವೆಯ ಮೈಯಿಂದ ಶಾಖ ಗಾಳಿಗೆ ಸೋರಿ ಲೆಕ್ಕ ಕೆಡಿಸಿತ್ತು. ಹಾಳಾದ ಸೋರಿಕೆ! ಕಂಬಳಿ ಸುತ್ತಿದಳು, ಥರ್ಮೊಕೋಲ್ ಸುತ್ತಿದಳು, ಕಡೆಗೆ ತಾನೇ ಒಂದು ಲೇಪ ಕಂಡುಹಿಡಿದಳು. ಉಗುರಿನಷ್ಟು ದಪ್ಪ ಬಳಿದರೆ ಶಾಖ ಆಚೆ ಹೋಗದು.

ಮರುದಿನ ಪಂಪ್ ಕೆಟ್ಟು ನಿಂತಿತು. ಅದು ಗೊತ್ತಾಗುವ ಹೊತ್ತಿಗೆ ಹೀಟರ್ ಬಹಳ ಹೊತ್ತು ಉರಿದಿತ್ತು. ತಾಪಮಾಪಕವಿದ್ದದ್ದು ಕೊಳವೆಯ ಹೊರಬಾಯಿಯಲ್ಲಿ, ನೀರು ಹರಿದರಷ್ಟೇ ಅದಕ್ಕೆ ಬಿಸಿ ತಿಳಿಯುತ್ತಿತ್ತು. ಹೀಟರ್ ಆರಿಸಿ ಒಂದು ಗಂಟೆ ಕಾದಳು. ಆಮೇಲೆ, ಇಪ್ಪತ್ತು ವರ್ಷದ ರೂಢಿಯಂತೆ, ಅಂಗೈ ಹಿಂಬದಿಯನ್ನು ಲೇಪ ಬಳಿದಿದ್ದ ಕೊಳವೆಗೆ ತಾಗಿಸಿದಳು.

"ತಣ್ಣಗದ ಮೌನೇಶ, ಬಿಚ್ಚು."

ಮೌನೇಶ ವೆಲ್ಡರ್, ಅವಳ ಜೊತೆ ಶೆಡ್ಡು ಕಟ್ಟಿದವನು. ಅವಳ ಕೈ ಹೇಳಿದ್ದನ್ನು ಎಂದೂ ಅನುಮಾನಿಸಿದವನಲ್ಲ. ಪಾನಾ ಹಾಕಿ ನಟ್ ತಿರುಗಿಸಿದ. ಒಳಗೆ ಒಂದು ಡಿಗ್ರಿಯೂ ಇಳಿಯದೆ ಕುದಿದು ಕೂತಿದ್ದ ನೀರು ಹಬೆಯಾಗಿ ಅವನ ಮುಖಕ್ಕೆ ಹೊಡೆಯಿತು. ನಟ್ ಹಾರಿ ತಗಡು ಸೀಳಿತು. ಕೆನ್ನೆಯ ಚರ್ಮ ಅವನ ಕೈಗೇ ಕಿತ್ತು ಬಂತು. ಅವನು ಕಿರುಚಿದ್ದನ್ನು ಓಣಿಯೆಲ್ಲ ಕೇಳಿತು.

ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದ ನೀಲಗಂಗಾ ಸುತ್ತಿಗೆ ಎತ್ತಿಕೊಂಡಳು. ಹುಚ್ಚು ಹಿಡಿದವಳಂತೆ ಕೊಳವೆ, ಪಂಪ್, ತಟ್ಟೆ ಎಲ್ಲವನ್ನೂ ಚಚ್ಚಿದಳು. ಒಡೆದ ಕೊಳವೆಯಿಂದ ಇನ್ನೂ ಬಿಸಿಯಾಗಿದ್ದ ನೀರು ಚಿಮ್ಮಿ ಅವಳ ಪಾದ ಸುಟ್ಟಿತು. ಲೇಪ ಮಾತ್ರ ಆಗಲೂ ತಣ್ಣಗಿತ್ತು. ಅಳು ತಡೆಯಲಾಗಲಿಲ್ಲ.

ಮೌನೇಶನ ಎರಡೂ ಕಣ್ಣು ಹೋದವು. ಲೇಪವನ್ನು ಕಾರ್ಖಾನೆಗಳು ಕೇಳಿಕೊಂಡು ಬಂದಾಗ ಅವಳು ಒಂದೇ ಷರತ್ತು ಹಾಕಿದಳು: ಪ್ರತಿ ಕೊಳವೆಯಲ್ಲೂ ಅಂಗೈ ಅಗಲದ ಜಾಗ ಬಳಿಯದೆ ಬಿಡಬೇಕು. ಅಲ್ಲಿ ಶಾಖ ಸೋರುತ್ತದೆ, ಲೆಕ್ಕ ತಪ್ಪುತ್ತದೆ ಎಂದು ಎಂಜಿನಿಯರುಗಳು ಗೊಣಗಿದರು. ಸೋರಲಿ, ಸೋರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದಳು.

ಮರುವರ್ಷ ಹೊಸ ಸಾಧನ ಎದ್ದಿತು. ಮೌನೇಶ ತಡವರಿಸಿ ಬಂದು ಆ ಬರಿ ತಾಮ್ರದ ಮೇಲೆ ಅಂಗೈಯಿಟ್ಟ, ಥಟ್ಟನೆ ಹಿಂದೆಗೆದ.

"ಯಕ್ಕಾ, ಕಾದದ. ನೀ ದೂರ ಸರಿ."

ಅವಳು ಸರಿದಳು. ಹನ್ನೊಂದು ತಿಂಗಳ ಹಿಂದೆ ಅವನಿಗೆ ತಾನು ಹೇಳಬೇಕಾಗಿದ್ದ ಮಾತು ಅದೇ ಆಗಿತ್ತು.